"ನಾನೇ ಮಾಡಿಬಿಡ್ತೀನಿ" ಎನ್ನುವವರಿಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್

"ಇದನ್ನು ಸ್ವಲ್ಪ ನೋಡ್ಕೊಳ್ಳಿ." ಕಚೇರಿಗಳಲ್ಲಿ ಎಷ್ಟೋ ಪ್ರಾಜೆಕ್ಟ್‌ಗಳು ಹುಟ್ಟುವುದು ಈ ಒಂದು ಮಾತಿನಿಂದ. ಮಾತು ಹೋಗಿ ಬೀಳುವುದು ಹೆಚ್ಚಾಗಿ ಒಬ್ಬರ ಮೇಜಿಗೇ. ಅವರು ಲೆಕ್ಕಪತ್ರ ಓದಬಲ್ಲರು, ಮಾರಾಟದವರ ಕಷ್ಟ ಬಲ್ಲರು, ಒಪ್ಪಂದದ ಕರಡಿನಲ್ಲಿ ತಪ್ಪು ಹುಡುಕಬಲ್ಲರು, ಸಾಫ್ಟ್‌ವೇರ್ ತಂಡ ಹೇಳಿದ್ದನ್ನು ಉಳಿದವರಿಗೆ ಬಿಡಿಸಿ ಹೇಳಬಲ್ಲರು. ಒಂದರಲ್ಲೇ ಪರಿಣತರಲ್ಲ, ಎಲ್ಲದರಲ್ಲೂ ಕೈಯಾಡಿಸಿದವರು. ಇಂಥವರನ್ನು ಜನರಲಿಸ್ಟ್ ಎನ್ನುತ್ತಾರೆ.

ಇವರಿಗೆ ಪ್ರಾಜೆಕ್ಟ್ ನಡೆಸುವುದು ಕಷ್ಟವಾಗಲು ಇವರ ಕೈಚುರುಕೇ ಕಾರಣ. ಯಾರೋ ಪಟ್ಟಿ ಕೊಡಲಿಲ್ಲವೆಂದರೆ ತಾವೇ ಕೂತು ಪಟ್ಟಿ ಮಾಡುತ್ತಾರೆ. ತರಬೇತಿಗೆ ಜನ ಸಿಗಲಿಲ್ಲವೆಂದರೆ ತಾವೇ ಪಾಠ ಹೇಳುತ್ತಾರೆ. ಕೆಲಸ ಮುಂದೆ ಸಾಗುತ್ತದೆ, ಆದರೆ ಯೋಜನೆಯಲ್ಲಿದ್ದ ತೂತು ಯಾರ ಕಣ್ಣಿಗೂ ಬೀಳುವುದಿಲ್ಲ. ಮೂರು ಜನರ ಪ್ರಾಜೆಕ್ಟ್ ಹೀಗೂ ದಡ ಸೇರುತ್ತದೆ. ಎಂಟು ಜನರದ್ದಾದರೆ ಐದನೇ ವಾರದ ಹೊತ್ತಿಗೆ ಎಲ್ಲ ಕೆಲಸವೂ ಅವರ ಮೇಜಿನ ಮೇಲೆ ಬಂದು ನಿಂತಿರುತ್ತದೆ. ಹಾಗಾಗಿ ಅವರು ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಇಷ್ಟೇ: ತಮ್ಮ ತಲೆಯಲ್ಲಿರುವುದನ್ನು, ಬೇರೆಯವರು ನೋಡಿ "ಇದು ಸರಿಯಿಲ್ಲ" ಎನ್ನಬಹುದಾದ ಜಾಗಕ್ಕೆ ಇಳಿಸುವುದು. ಮುಂದೆ ಬರುವ ಪಟ್ಟಿ, ನಕ್ಷೆ, ಲೆಕ್ಕಗಳೆಲ್ಲ ಅದಕ್ಕಾಗಿಯೇ ಇವೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ನಲವತ್ತು ಜನರ ಒಂದು ಸಂಸ್ಥೆ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗಬೇಕಿದೆ. ಪ್ರತಿ ತಿಂಗಳು ಬಿಲ್ ಕಳಿಸುವುದು ದಿನನಿತ್ಯದ ಕೆಲಸ, ಅದಕ್ಕೆ ಕೊನೆಯಿಲ್ಲ. ಸಾಫ್ಟ್‌ವೇರ್ ಬದಲಿಸುವುದು ಪ್ರಾಜೆಕ್ಟ್: ಒಂದು ದಿನ ಶುರುವಾಗುತ್ತದೆ, ಒಂದು ದಿನ ಮುಗಿಯಲೇಬೇಕು, ಮತ್ತು ಈ ಮೊದಲು ಯಾರೂ ಇಲ್ಲಿ ಅದನ್ನು ಹೀಗೇ ಮಾಡಿಲ್ಲ.

ಮೊದಲ ಪುಟ

ಕೆಲಸ ಆರಂಭಿಸುವ ಮುಂಚೆ ಒಂದು ಪುಟ ಬರೆಯಬೇಕು. ವೃತ್ತಿಯವರು ಇದಕ್ಕೆ ಚಾರ್ಟರ್ ಎನ್ನುತ್ತಾರೆ. ಎರಡು ಪುಟವಾದರೆ ಯಾರೂ ಓದುವುದಿಲ್ಲ, ಆದ್ದರಿಂದ ಒಂದೇ ಪುಟ. ಅದರಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಇರಬೇಕು: ಯಾಕೆ ಮಾಡುತ್ತಿದ್ದೇವೆ, ಕೊನೆಗೆ ಏನು ಸಿಗಬೇಕು, ಮುಗಿಯಿತು ಎನ್ನಲು ಏನನ್ನು ನೋಡುತ್ತೇವೆ, ಯಾವುದನ್ನು ಮಾಡುವುದಿಲ್ಲ, ತಕರಾರು ಬಂದಾಗ ಯಾರ ಮಾತು ಅಂತಿಮ, ಎಷ್ಟು ಜನ ಎಷ್ಟು ದಿನ ಸಿಗುತ್ತಾರೆ.

ಇವುಗಳಲ್ಲಿ ಬಹಳ ಜನ ಹಾರಿಸಿಬಿಡುವುದು "ಯಾವುದನ್ನು ಮಾಡುವುದಿಲ್ಲ" ಎಂಬುದನ್ನು. ನಮ್ಮ ಉದಾಹರಣೆಯಲ್ಲಿ ಆ ಸಾಲು ಹೀಗಿರಬಹುದು: "ಎರಡು ವರ್ಷಕ್ಕಿಂತ ಹಳೆಯ ಬಿಲ್‌ಗಳನ್ನು ಹೊಸ ಸಾಫ್ಟ್‌ವೇರ್‌ಗೆ ತರುವುದಿಲ್ಲ. ಮಾರಾಟದವರ ಕಮಿಷನ್ ಲೆಕ್ಕ ಈ ಪ್ರಾಜೆಕ್ಟಿನ ಭಾಗವಲ್ಲ." ಇದನ್ನು ಮೊದಲ ವಾರ ಬರೆದರೆ ಹತ್ತು ನಿಮಿಷದ ಚರ್ಚೆ. ಏಳನೇ ವಾರ "ಕಮಿಷನ್ ಕೂಡ ಇದರಲ್ಲೇ ಬರುತ್ತದೆ ಅಂದುಕೊಂಡಿದ್ದೆವಲ್ಲ" ಎಂದು ಮಾರಾಟ ವಿಭಾಗ ಕೇಳಿದರೆ ಅದು ಜಗಳ.

"ಮುಗಿಯಿತು" ಎಂಬುದಕ್ಕೂ ಗುರುತು ಬೇಕು. "ಹೊಸ ಸಾಫ್ಟ್‌ವೇರ್ ಸರಿಯಾಗಿ ನಡೆಯಬೇಕು" ಎಂಬುದು ಗುರುತಲ್ಲ, ಹಾರೈಕೆ. "ಒಂದೇ ಅವಧಿಯ ಬಿಲ್‌ಗಳನ್ನು ಹಳೆಯದರಲ್ಲೂ ಹೊಸದರಲ್ಲೂ ತಯಾರಿಸಿ ಹೋಲಿಸಿದಾಗ ಮೊತ್ತ ತಾಳೆಯಾಗಬೇಕು, ವ್ಯತ್ಯಾಸ ಬಂದ ಪ್ರತಿ ಬಿಲ್‌ಗೂ ಕಾರಣ ಸಿಕ್ಕಿರಬೇಕು" ಎಂಬುದು ಗುರುತು. ಅದನ್ನು ಯಾರು ಬೇಕಾದರೂ ಪರೀಕ್ಷಿಸಿ ಹೌದು ಅಥವಾ ಇಲ್ಲ ಎನ್ನಬಹುದು.

ಪುಟವನ್ನು ವಿಭಾಗದ ಮುಖ್ಯಸ್ಥರಿಗೆ ಕಳಿಸುವಾಗ "ಓಕೆನಾ?" ಎಂದು ಕೇಳಬಾರದು. ಓದದೆಯೇ ಓಕೆ ಎಂದುಬಿಡುತ್ತಾರೆ. "ಇದರಲ್ಲಿ ನಿಮಗೆ ಒಪ್ಪಿಗೆಯಾಗದ ಸಾಲು ಯಾವುದು?" ಎಂದು ಕೇಳಿದರೆ ಓದುತ್ತಾರೆ.

ಒಡೆಯುವುದು

ಇನ್ನು ಕೆಲಸವನ್ನು ತುಂಡು ಮಾಡಬೇಕು. ಮೇಲೆ ಇಡೀ ಪ್ರಾಜೆಕ್ಟ್, ಅದರ ಕೆಳಗೆ ನಾಲ್ಕೈದು ದೊಡ್ಡ ಫಲಿತಾಂಶಗಳು, ಒಂದೊಂದರ ಕೆಳಗೆ ಸಣ್ಣ ಕೆಲಸಗಳು. ಕೆಳಗಿನ ತುಂಡುಗಳನ್ನೆಲ್ಲ ಕೂಡಿಸಿದರೆ ಮೇಲಿನದು ಪೂರ್ತಿಯಾಗಬೇಕು. ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು. ತುಂಡು ಎಷ್ಟು ಸಣ್ಣದಿರಬೇಕು ಎಂಬುದಕ್ಕೆ ಬಳಕೆಯಲ್ಲಿರುವ ಒಂದು ಅಳತೆ 8ರಿಂದ 80 ಗಂಟೆ. ಎಂಟು ಗಂಟೆಗಿಂತ ಚಿಕ್ಕದಾದರೆ ಪಟ್ಟಿ ನೋಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ. ಎಂಬತ್ತು ದಾಟಿದರೆ ಒಳಗೆ ಏನು ನಡೆಯುತ್ತಿದೆ ಎಂಬುದು ಎರಡು ವಾರ ಕಾಣಿಸುವುದೇ ಇಲ್ಲ.

ಇಲ್ಲಿ ಜನರಲಿಸ್ಟ್‌ಗೆ ನಿಜವಾದ ಅನುಕೂಲವಿದೆ. ತಜ್ಞರು ಪಟ್ಟಿ ಮಾಡಿದರೆ ತಮ್ಮ ಪಾಲಿನ ಕೆಲಸ ಚೆನ್ನಾಗಿ ಬರೆಯುತ್ತಾರೆ, ಎರಡು ವಿಭಾಗಗಳ ನಡುವೆ ಬೀಳುವುದನ್ನು ಬಿಡುತ್ತಾರೆ. ಒಪ್ಪಂದಕ್ಕೆ ಕಾನೂನು ಸಲಹೆಗಾರರ ಸಹಿ, ಗ್ರಾಹಕರಿಗೆ ಬಿಲ್‌ನ ರೂಪ ಬದಲಾಗುತ್ತದೆಂಬ ಪತ್ರ, ಕೆಲಸ ಬಿಟ್ಟುಹೋದವರ ಲಾಗಿನ್ ತೆಗೆಯುವುದು, ಹಳೆಯ ಸಾಫ್ಟ್‌ವೇರ್‌ನ ಚಂದಾ ನಿಲ್ಲಿಸುವುದು. ಇವು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಎಲ್ಲ ಕಡೆ ಓಡಾಡಿದವರಿಗೆ ಮಾತ್ರ ನೆನಪಾಗುತ್ತವೆ.

ಅಂದಾಜು ಎಲ್ಲಿ ಕೈಕೊಡುತ್ತದೆ

ಅಂದಾಜಿನಲ್ಲಿ ಪದೇ ಪದೇ ಆಗುವ ತಪ್ಪು ಎಂದರೆ ಶ್ರಮವನ್ನೂ ಅವಧಿಯನ್ನೂ ಒಂದೇ ಎಂದುಕೊಳ್ಳುವುದು. "ಈ ಕೆಲಸಕ್ಕೆ ಎಷ್ಟು ಬೇಕು?" ಎಂದು ಕೇಳಿದರೆ ಲೆಕ್ಕ ವಿಭಾಗದವರು "12 ಗಂಟೆ" ಎನ್ನುತ್ತಾರೆ. ಕೇಳಿದವರು ಒಂದೂವರೆ ದಿನ ಎಂದು ಬರೆದುಕೊಳ್ಳುತ್ತಾರೆ. ಆದರೆ ಲೆಕ್ಕ ವಿಭಾಗದವರ ದಿನದಲ್ಲಿ ಈ ಪ್ರಾಜೆಕ್ಟಿಗೆ ಸಿಗುವುದು ಎರಡು ಗಂಟೆ ಮಾತ್ರ. 12 ಗಂಟೆಯ ಶ್ರಮ ಆರು ದಿನದ ಅವಧಿಯಾಗುತ್ತದೆ, ನಡುವೆ ತಿಂಗಳ ಕೊನೆ ಬಂದರೆ ಒಂಬತ್ತೂ ಆಗಬಹುದು. ಆದ್ದರಿಂದ ಪ್ರಶ್ನೆ ಎರಡು: ಎಷ್ಟು ಗಂಟೆಯ ಕೆಲಸ? ದಿನಕ್ಕೆ ಇದಕ್ಕೆ ಎಷ್ಟು ಗಂಟೆ ಕೊಡುತ್ತೀರಿ?

ಎರಡನೆಯ ತೊಂದರೆ ನಮ್ಮ ಸ್ವಭಾವದ್ದೇ. ಹಿಂದಿನ ಬಾರಿ ತಡವಾದದ್ದು ಗೊತ್ತಿದ್ದರೂ ಈ ಬಾರಿ ಎಲ್ಲ ಸರಿಹೋಗುತ್ತದೆ ಎಂದೇ ಎಣಿಸುತ್ತೇವೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ಇದನ್ನು ಗುರುತಿಸಿ ಪ್ಲಾನಿಂಗ್ ಫ್ಯಾಲಸಿ, ಅಂದರೆ ಯೋಜನೆಯ ಭ್ರಮೆ, ಎಂದು ಹೆಸರು ಕೊಟ್ಟರು. ದೊಡ್ಡವರೂ ಇದರಿಂದ ಹೊರತಲ್ಲ. ಸಿಡ್ನಿ ಒಪೆರಾ ಹೌಸ್‌ಗೆ ಮೊದಲು ಹಾಕಿದ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್, ಮುಗಿಯಬೇಕಿದ್ದದ್ದು 1963ರಲ್ಲಿ. ತೆರೆದದ್ದು 1973ರಲ್ಲಿ, ಖರ್ಚು 10 ಕೋಟಿ 20 ಲಕ್ಷ ಡಾಲರ್. ಛಾವಣಿಯ ಚಿಪ್ಪುಗಳನ್ನು ಕಟ್ಟುವುದು ಹೇಗೆಂದು ತೀರ್ಮಾನವಾಗುವ ಮುನ್ನವೇ 1959ರಲ್ಲಿ ಕೆಲಸ ಶುರುವಾಗಿತ್ತು.

ಇದಕ್ಕೆ ಮದ್ದು ಆತ್ಮವಿಶ್ವಾಸ ಕಡಿಮೆ ಮಾಡಿಕೊಳ್ಳುವುದಲ್ಲ, ಪ್ರಶ್ನೆಯನ್ನು ಬದಲಿಸುವುದು. ಒಂದೇ ಸಂಖ್ಯೆ ಕೇಳುವ ಬದಲು ಮೂರು ಕೇಳಬೇಕು: ಎಲ್ಲ ಸುಸೂತ್ರವಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಕೈಕೊಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಇದು 1958ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಕಾರ್ಯಕ್ರಮಕ್ಕಾಗಿ ರೂಪುಗೊಂಡ ಪರ್ಟ್ ವಿಧಾನದ ಸೂತ್ರ. ನಮ್ಮಲ್ಲಿ ಗ್ರಾಹಕರ ಹಳೆಯ ಡೇಟಾ ಶುಚಿಗೊಳಿಸಲು 8, 12, 28 ದಿನ ಎಂದರೆನ್ನಿ. 8 ಕೂಡು 48 ಕೂಡು 28, ಒಟ್ಟು 84. ಆರರಿಂದ ಭಾಗಿಸಿದರೆ 14. "12 ದಿನ" ಎಂದು ಬಾಯಲ್ಲಿ ಬಂದದ್ದು ಲೆಕ್ಕದಲ್ಲಿ 14 ಆಯಿತು. ಆದರೆ ಸೂತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಆ 28. "ಯಾಕೆ 28?" ಎಂದು ಕೇಳಿದರೆ "ಒಂದೇ ಗ್ರಾಹಕರ ಹೆಸರು ಮೂರು ರೀತಿ ದಾಖಲಾಗಿದೆ, ಎಷ್ಟು ಕಡೆ ಅಂತ ಗೊತ್ತಿಲ್ಲ" ಎಂಬ ಉತ್ತರ ಬರುತ್ತದೆ. ಆ ಉತ್ತರವೇ ಬೇಕಿದ್ದದ್ದು.

ಎಲ್ಲರೂ ತಮ್ಮ ತಮ್ಮ ಅಂದಾಜಿನೊಳಗೆ ಗುಟ್ಟಾಗಿ ಎರಡೆರಡು ದಿನ ಸೇರಿಸಿಕೊಳ್ಳುವುದು ಇನ್ನೊಂದು ರೋಗ. ಇದ್ದಷ್ಟು ಸಮಯಕ್ಕೂ ಕೆಲಸ ಹಿಗ್ಗುತ್ತದೆ, ಉಳಿದ ದಿನ ಯಾರಿಗೂ ವಾಪಸು ಬರುವುದಿಲ್ಲ. ಕೆಲಸಗಳ ಅಂದಾಜನ್ನು ಬಿಗಿಯಾಗಿಟ್ಟು, ಹೆಚ್ಚುವರಿ ದಿನಗಳನ್ನು ಪ್ರಾಜೆಕ್ಟಿನ ಕೊನೆಯಲ್ಲಿ ಎಲ್ಲರಿಗೂ ಕಾಣುವಂತೆ ಒಂದೇ ಕಡೆ ಇಡುವುದು ಮೇಲು. ಎಷ್ಟು ಖರ್ಚಾಯಿತು ಎಂಬುದು ಆಗ ವಾರವಾರವೂ ಕಾಣುತ್ತದೆ.

ಯಾವುದರ ಬೆನ್ನಿಗೆ ಯಾವುದು

ಇಡೀ ವಿದ್ಯೆಯಲ್ಲಿ ಒಂದೇ ಒಂದನ್ನು ಕಲಿಯಲು ಸಮಯವಿದೆ ಎನ್ನುವವರು ಇದನ್ನು ಕಲಿಯಬೇಕು. ಕೆಲಸಗಳ ಪಟ್ಟಿ ಇದ್ದರೆ ಸಾಲದು, ಒಂದು ಮುಗಿಯದೆ ಇನ್ನೊಂದು ಶುರುವಾಗದು ಎಂಬ ಸಂಬಂಧಗಳು ಬೇಕು. ನಮ್ಮ ಪ್ರಾಜೆಕ್ಟನ್ನು ಏಳು ಕೆಲಸಗಳಿಗೆ ಇಳಿಸಿ ನೋಡೋಣ. ಒಂದೊಂದಕ್ಕೂ ಒಬ್ಬರು, ದಿನಗಳು ಮೂರು ಅಂದಾಜಿನಲ್ಲಿ ನಡುವಿನವು.

1. ಅಗತ್ಯಗಳ ಪಟ್ಟಿ, ಒಪ್ಪಿಗೆ: 5 ದಿನ.
2. ಸಾಫ್ಟ್‌ವೇರ್ ಆಯ್ಕೆ, ಒಪ್ಪಂದ: 10 ದಿನ. 1 ಮುಗಿದ ಮೇಲೆ.
3. ಹಳೆಯ ಡೇಟಾ ಶುಚಿ: 12 ದಿನ. 1 ಮುಗಿದ ಮೇಲೆ.
4. ಹೊಸ ಸಾಫ್ಟ್‌ವೇರ್ ಸಜ್ಜುಗೊಳಿಸುವುದು: 6 ದಿನ. 2 ಮುಗಿದ ಮೇಲೆ.
5. ಡೇಟಾ ವರ್ಗಾವಣೆ: 4 ದಿನ. 3 ಮತ್ತು 4 ಎರಡೂ ಮುಗಿದ ಮೇಲೆ.
6. ಸಿಬ್ಬಂದಿಗೆ ತರಬೇತಿ: 3 ದಿನ. 4 ಮುಗಿದ ಮೇಲೆ.
7. ಹಳೆಯದು ಹೊಸದು ಎರಡನ್ನೂ ಜೊತೆಗೆ ನಡೆಸಿ ಪರೀಕ್ಷೆ: 10 ದಿನ. 5 ಮತ್ತು 6 ಮುಗಿದ ಮೇಲೆ.

ಎಲ್ಲ ಕೂಡಿಸಿದರೆ 50 ದಿನ. ಆದರೆ ಕೆಲವು ಒಟ್ಟೊಟ್ಟಿಗೆ ನಡೆಯುತ್ತವೆ. ಶುರುವಿನಿಂದ ಕೊನೆಯವರೆಗಿನ ಉದ್ದನೆಯ ಸರಪಳಿ 1, 2, 4, 5, 7: ಅಂದರೆ 5, 10, 6, 4, 10 ಸೇರಿ 35 ದಿನ. ಇದಕ್ಕಿಂತ ಬೇಗ ಪ್ರಾಜೆಕ್ಟ್ ಮುಗಿಯದು. ಈ ಸರಪಳಿಗೆ ಕ್ರಿಟಿಕಲ್ ಪಾತ್ ಎಂಬ ಹೆಸರಿದೆ. ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳ ಜನ 1950ರ ದಶಕದ ಕೊನೆಯಲ್ಲಿ ಕಾರ್ಖಾನೆ ಕಟ್ಟುವ, ದುರಸ್ತಿ ಮಾಡುವ ಕೆಲಸಗಳಿಗಾಗಿ ಇದನ್ನು ರೂಪಿಸಿದರು.

ಈ ಸರಪಳಿಯ ಮೇಲಿರುವ ಕೆಲಸ ಒಂದು ದಿನ ತಡವಾದರೆ ಪ್ರಾಜೆಕ್ಟೂ ಒಂದು ದಿನ ತಡ. ಉಳಿದವುಗಳಿಗೆ ಸ್ವಲ್ಪ ಸಡಿಲವಿದೆ. ಡೇಟಾ ಶುಚಿ 17ನೇ ದಿನ ಮುಗಿಯುತ್ತದೆ, ಬೇಕಾಗುವುದು 21ಕ್ಕೆ, ಹಾಗಾಗಿ ನಾಲ್ಕು ದಿನ ಕೈಯಲ್ಲಿದೆ. ತರಬೇತಿಗೆ ಒಂದೇ ದಿನ.

ಈಗ ನೋಡಿ, ಒಪ್ಪಂದದ ಕರಡು ಕಾನೂನು ಸಲಹೆಗಾರರ ಬಳಿ ಮೂರು ದಿನ ಬಿದ್ದಿದ್ದರೆ ಯಾರಿಗೂ ಅದು ದೊಡ್ಡ ವಿಷಯವಾಗಿ ಕಾಣುವುದಿಲ್ಲ. ಡೇಟಾ ಶುಚಿ ಮಾಡುವ ಹುಡುಗ ಮೂರು ದಿನ ರಜೆ ಹಾಕಿದರೆ ಗಲಾಟೆಯಾಗುತ್ತದೆ. ಲೆಕ್ಕದ ಪ್ರಕಾರ ಮೊದಲನೆಯದರಿಂದ ಪ್ರಾಜೆಕ್ಟ್ ಮೂರು ದಿನ ತಡ, ಎರಡನೆಯದರಿಂದ ಏನೂ ಇಲ್ಲ. ಸದ್ದು ಎಲ್ಲಿದೆಯೋ ಅಲ್ಲಿಗೆ ಓಡುವುದು ಜನರಲಿಸ್ಟ್‌ನ ಅಭ್ಯಾಸ. ಯಾವ ಸದ್ದಿಗೆ ಓಡಬೇಕಿಲ್ಲ ಎಂಬುದನ್ನು ಈ ನಕ್ಷೆ ತೋರಿಸುತ್ತದೆ.

ಸರಪಳಿ ಸ್ಥಿರವಲ್ಲ ಎಂಬುದನ್ನೂ ಮರೆಯಬಾರದು. ಡೇಟಾ ಶುಚಿ 12ರ ಬದಲು 20 ದಿನ ಹಿಡಿದರೆ ಅದು 25ನೇ ದಿನ ಮುಗಿಯುತ್ತದೆ, ವರ್ಗಾವಣೆ ಅಲ್ಲಿಂದ ಶುರು, ಒಟ್ಟು 39 ದಿನ. ಎಂಟು ದಿನದ ತಡದಲ್ಲಿ ನಾಲ್ಕನ್ನು ಸಡಿಲ ನುಂಗಿತು, ನಾಲ್ಕು ಪ್ರಾಜೆಕ್ಟಿನ ಮೇಲೆ ಬಿತ್ತು. ಈಗ ಕ್ರಿಟಿಕಲ್ ಪಾತ್ ಡೇಟಾ ಶುಚಿಯ ಮೂಲಕ ಹಾದುಹೋಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಲೆಕ್ಕ ಹೊಸದಾಗಿ ಹಾಕಬೇಕು. ಇಷ್ಟು ಸಣ್ಣ ಪ್ರಾಜೆಕ್ಟಿಗೆ ಸ್ಪ್ರೆಡ್‌ಶೀಟ್ ಸಾಕು: ಕೆಲಸ, ಯಾರು, ಯಾವುದರ ನಂತರ, ಎಷ್ಟು ದಿನ, ಶುರು, ಕೊನೆ, ಮುಗಿದ ಗುರುತು. ಒಂದೊಂದು ಕೆಲಸದ ದಿನಗಳನ್ನು ಅಡ್ಡ ಕಂಬಿಯಾಗಿ ತೋರಿಸುವ ಗ್ಯಾಂಟ್ ಚಾರ್ಟ್ ಬೇಕಿದ್ದರೆ ಅದರಿಂದಲೇ ಎಳೆಯಬಹುದು. ಚಾರ್ಟ್ ಎಳೆಯಲೆಂದೇ ಸಾಫ್ಟ್‌ವೇರ್ ಕೊಂಡು ಅದರಲ್ಲಿ ಬಣ್ಣ ಹಚ್ಚುವುದರಲ್ಲೇ ಮೊದಲ ವಾರ ಕಳೆಯುವವರು ಬಹಳ ಮಂದಿ. ಸಂಬಂಧಗಳನ್ನೇ ಬರೆಯದ ಗ್ಯಾಂಟ್ ಚಾರ್ಟ್ ಗೋಡೆಗೆ ಚಂದ, ಅಷ್ಟೇ.

ಅಧಿಕಾರವಿಲ್ಲದವರು ಕೆಲಸ ಪಡೆಯುವುದು

ಪಠ್ಯಗಳಲ್ಲಿ ಒಂದೆರಡು ಪುಟ ಸಿಗುವ, ಆಚರಣೆಯಲ್ಲಿ ದಿನದ ಅರ್ಧ ತಿನ್ನುವ ವಿಷಯ ಇದು. ಡೇಟಾ ಶುಚಿ ಮಾಡುವವರು ಲೆಕ್ಕ ವಿಭಾಗದವರು, ಅವರ ಮೇಲಧಿಕಾರಿ ಬೇರೆ. ನಿಮಗೆ ಅವರ ಸಂಬಳ, ರಜೆ, ಬಡ್ತಿ ಯಾವುದರ ಮೇಲೂ ಹಿಡಿತವಿಲ್ಲ.

ಮೊದಲನೆಯದಾಗಿ, ದಿನಾಂಕವನ್ನು ನೀವು ಹೇಳಬಾರದು, ಅವರ ಬಾಯಿಂದ ಬರಬೇಕು. "21ರೊಳಗೆ ಕೊಡಿ" ಎಂದರೆ "ಸರಿ" ಎನ್ನುತ್ತಾರೆ. ಅದು ಭರವಸೆಯಲ್ಲ, ಸಂಭಾಷಣೆ ಮುಗಿಸುವ ಉಪಾಯ. "ಇದು ಎಂದಿಗೆ ಮುಗಿಯಬಹುದು, ಅಷ್ಟರಲ್ಲಿ ಯಾವ ಬೇರೆ ಕೆಲಸ ಪಕ್ಕಕ್ಕೆ ಇಡುತ್ತೀರಿ?" ಎಂದು ಕೇಳಿ. ಎರಡನೇ ಭಾಗಕ್ಕೆ ಉತ್ತರ ಇಲ್ಲದಿದ್ದರೆ ಮೊದಲ ಭಾಗದ ಉತ್ತರವನ್ನು ನಂಬಬೇಡಿ. ಪಕ್ಕಕ್ಕೆ ಇಡುವ ಕೆಲಸದ ಬಗ್ಗೆ ಅವರ ಮೇಲಧಿಕಾರಿಯ ಒಪ್ಪಿಗೆಯನ್ನು ಎರಡು ಸಾಲಿನ ಇಮೇಲ್‌ನಲ್ಲಿ ಪಡೆಯಿರಿ.

ಪ್ರತಿ ಕೆಲಸಕ್ಕೂ ಉತ್ತರ ಹೇಳಬೇಕಾದವರು ಒಬ್ಬರೇ ಇರಬೇಕು. ರೇಸಿ ಎಂಬ ಕೋಷ್ಟಕದಲ್ಲಿ ನಾಲ್ಕು ಪಾತ್ರ ಬರೆಯುತ್ತಾರೆ: ಮಾಡುವವರು, ಹೊಣೆ ಹೊರುವವರು, ಮೊದಲು ಕೇಳಬೇಕಾದವರು, ಆಮೇಲೆ ತಿಳಿಸಿದರೆ ಸಾಕಾದವರು. ಮಾಡುವವರು ಎಷ್ಟು ಜನವಾದರೂ ಇರಲಿ, ಹೊಣೆಯ ಕಾಲಮ್‌ನಲ್ಲಿ ಎರಡು ಹೆಸರು ಬಂದರೆ ಅಲ್ಲಿಗೆ ಯಾರೂ ಇಲ್ಲ ಎಂದೇ ಅರ್ಥ. ಕೋಷ್ಟಕ ತುಂಬುವಾಗ ನಿಮ್ಮದೇ ಹೆಸರು ಎಷ್ಟು ಸಲ "ಮಾಡುವವರು" ಕಾಲಮ್‌ಗೆ ಬಂತು ಎಣಿಸಿ. ಏಳರಲ್ಲಿ ನಾಲ್ಕು ಆಗಿದ್ದರೆ ನೀವು ಪ್ರಾಜೆಕ್ಟ್ ನಡೆಸುತ್ತಿಲ್ಲ, ಹೊರುತ್ತಿದ್ದೀರಿ.

ತಡವಾಗುತ್ತಿದೆ ಎಂದಾಗ ಮೇಲಿನವರು ಸಾಮಾನ್ಯವಾಗಿ ಕೊಡುವ ಸಹಾಯ "ಇನ್ನಿಬ್ಬರನ್ನು ಹಾಕಿಕೊಳ್ಳಿ" ಎಂಬುದು. ಎಚ್ಚರ. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಹೇಳಿಕೊಡುವವರು ಹಳಬರೇ, ಅಷ್ಟು ಹೊತ್ತು ಅವರ ಕೆಲಸ ನಿಲ್ಲುತ್ತದೆ. ಜೊತೆಗೆ ಮಾತಿನ ಎಳೆಗಳು ಹೆಚ್ಚುತ್ತವೆ: ಐದು ಜನರ ನಡುವೆ 10 ಜೋಡಿ, ಎಂಟು ಜನರಾದರೆ 28. ಬಿಡಿ ಬಿಡಿಯಾಗಿ ಹಂಚಬಹುದಾದ ಕೆಲಸಕ್ಕೆ, ಉದಾಹರಣೆಗೆ ಡೇಟಾ ಶುಚಿಗೆ, ಜನ ಸೇರಿಸಿದರೆ ಲಾಭವಿದೆ. ಒಪ್ಪಂದದ ಮಾತುಕತೆಗೆ ಇಲ್ಲ.

ಮೇಲಿನವರ ಬಳಿ ಸಮಸ್ಯೆ ಒಯ್ಯುವಾಗ ನಾಲ್ಕು ಸಾಲು ಸಾಕು: ಏನಾಗಿದೆ, ಯಾವತ್ತಿನೊಳಗೆ ತೀರ್ಮಾನ ಬೇಕು, ಇರುವ ಎರಡು ದಾರಿ ಮತ್ತು ಒಂದೊಂದರ ಬೆಲೆ, ನಿಮ್ಮ ಶಿಫಾರಸು. ತೀರ್ಮಾನ ಬಂದ ದಿನವೇ ಅದನ್ನು, ಕಾರಣದ ಸಮೇತ, ಒಂದು ಪಟ್ಟಿಯಲ್ಲಿ ಬರೆದಿಡಿ. ಎರಡು ತಿಂಗಳ ಮೇಲೆ "ಇದನ್ನು ಯಾರು ಹೇಳಿದ್ದು?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಕಲ್ಲಂಗಡಿ ವರದಿ

ವಾರದ ವರದಿಗಳಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಹಾಕುವ ರೂಢಿಯಿದೆ. ಹೊರಗೆ ಹಸಿರು, ಕೊಯ್ದರೆ ಒಳಗೆ ಕೆಂಪು ಇರುವ ವರದಿಗೆ ಈ ವೃತ್ತಿಯಲ್ಲಿ ಕಲ್ಲಂಗಡಿ ಎನ್ನುತ್ತಾರೆ. ಇದಕ್ಕೆ ಮೂಲ "ಶೇ 90 ಆಗಿದೆ" ಎಂಬ ಉತ್ತರ. ಒಂದೇ ಕೆಲಸ ನಾಲ್ಕು ವಾರ ಶೇ 90ರಲ್ಲೇ ನಿಂತಿರುತ್ತದೆ. ಸಣ್ಣ ಕೆಲಸಗಳಿಗೆ ಶೇಕಡಾವಾರು ಕೇಳಲೇಬೇಡಿ. ಮುಗಿದಿದ್ದರೆ 100, ಇಲ್ಲವಾದರೆ ಸೊನ್ನೆ. ದೊಡ್ಡ ಕೆಲಸವಾದರೆ "ಇನ್ನು ಎಷ್ಟು ದಿನ ಬೇಕು?" ಎಂದು ಕೇಳಿ. ಆಗಿರುವುದನ್ನು ಹೇಳುವಾಗ ಜನ ಧಾರಾಳಿಗಳಾಗುತ್ತಾರೆ, ಉಳಿದಿರುವುದನ್ನು ಹೇಳುವಾಗ ಸ್ವಲ್ಪ ಯೋಚಿಸುತ್ತಾರೆ.

ಹಣಕಾಸು ಬಲ್ಲ ಜನರಲಿಸ್ಟ್‌ಗೆ ಅರ್ನ್ಡ್ ವ್ಯಾಲ್ಯೂ ಎಂಬ ಲೆಕ್ಕ ಸುಲಭವಾಗಿ ಒಗ್ಗುತ್ತದೆ. ಮೂರು ಸಂಖ್ಯೆ ಬೇಕು. 20ನೇ ದಿನದ ಕೊನೆಗೆ ನಮ್ಮ ಯೋಜನೆಯ ಪ್ರಕಾರ ಆಗಬೇಕಿದ್ದ ಕೆಲಸ: ಮೊದಲ ಮೂರು ಪೂರ್ತಿ, ನಾಲ್ಕನೆಯದರಲ್ಲಿ ಐದು ದಿನದಷ್ಟು, ಒಟ್ಟು 32 ಆಳುದಿನ (ಒಬ್ಬರು ಒಂದು ದಿನ ಮಾಡುವಷ್ಟು ಕೆಲಸ ಒಂದು ಆಳುದಿನ). ನಿಜವಾಗಿ ಆದದ್ದು: 1 ಮತ್ತು 2 ಪೂರ್ತಿ, 3ರಲ್ಲಿ ಅರ್ಧ, 4ರಲ್ಲಿ ಅರ್ಧ, ಅಂದರೆ 5, 10, 6, 3 ಸೇರಿ 24. ಅಷ್ಟಕ್ಕೆ ಜನ ಖರ್ಚು ಮಾಡಿದ್ದು 30 ಆಳುದಿನ ಎಂದಿಟ್ಟುಕೊಳ್ಳಿ. 24ನ್ನು 32ರಿಂದ ಭಾಗಿಸಿದರೆ 0.75: ಆಗಬೇಕಿದ್ದ ಕೆಲಸದಲ್ಲಿ ಮುಕ್ಕಾಲು ಭಾಗ ಆಗಿದೆ. 24ನ್ನು 30ರಿಂದ ಭಾಗಿಸಿದರೆ 0.8: ಒಂದು ದಿನ ಖರ್ಚು ಮಾಡಿ 0.8 ದಿನದ ಕೆಲಸ ಪಡೆಯುತ್ತಿದ್ದೇವೆ. ಹೀಗೇ ಸಾಗಿದರೆ 50 ಆಳುದಿನದ ಪ್ರಾಜೆಕ್ಟ್ 50 ಭಾಗಿಸು 0.8, ಅಂದರೆ 62.5 ಆಳುದಿನ ತಿನ್ನುತ್ತದೆ. ಖರ್ಚಿನ ಪಟ್ಟಿಯನ್ನಷ್ಟೇ ನೋಡಿದ್ದರೆ "32 ಆಗಬೇಕಿತ್ತು, 30 ಮಾತ್ರ ಆಗಿದೆ, ಉಳಿತಾಯ" ಎಂದು ಯಾರಾದರೂ ಖುಷಿಪಡುತ್ತಿದ್ದರು.

ಅಪಾಯಗಳು ಮತ್ತು "ಇದೊಂದು ಚಿಕ್ಕದು"

ಅಪಾಯದ ಪಟ್ಟಿಯಲ್ಲಿ "ಡೇಟಾ ಸಮಸ್ಯೆ" ಎಂದು ಬರೆದರೆ ಉಪಯೋಗವಿಲ್ಲ. ಕಾರಣ, ಘಟನೆ, ಪರಿಣಾಮ ಮೂರೂ ಒಂದೇ ವಾಕ್ಯದಲ್ಲಿ ಬರಬೇಕು: "ಗ್ರಾಹಕರ ಹೆಸರುಗಳು ಹಲವು ರೀತಿ ದಾಖಲಾಗಿರುವುದರಿಂದ, ವರ್ಗಾವಣೆಯಲ್ಲಿ ಒಬ್ಬರದೇ ಬಾಕಿ ಎರಡು ಖಾತೆಗೆ ಹಂಚಿಹೋಗಬಹುದು, ಆಗ ಪರೀಕ್ಷೆಯ ಮೊತ್ತ ತಾಳೆಯಾಗದು." ಹೀಗೆ ಬರೆದಾಗ ಏನು ಮಾಡಬೇಕೆಂಬುದು ವಾಕ್ಯದೊಳಗೇ ಇರುತ್ತದೆ. ಪಟ್ಟಿ ಹತ್ತಕ್ಕಿಂತ ಉದ್ದವಾಗದಿರಲಿ, ಪ್ರತಿಯೊಂದಕ್ಕೂ ಕಣ್ಣಿಡುವವರ ಹೆಸರಿರಲಿ.

ಅಪಾಯ ಹುಡುಕಲು ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಸೂಚಿಸಿದ ಪ್ರೀಮಾರ್ಟಮ್ ಎಂಬ ಅಭ್ಯಾಸ ಚೆನ್ನಾಗಿ ಕೆಲಸ ಮಾಡುತ್ತದೆ. ತಂಡವನ್ನು ಕೂರಿಸಿ, "ನಾಲ್ಕು ತಿಂಗಳು ಕಳೆದಿದೆ, ಪ್ರಾಜೆಕ್ಟ್ ಪೂರಾ ಹಾಳಾಗಿದೆ. ಯಾಕೆ ಹಾಳಾಯಿತು ಬರೆಯಿರಿ" ಎಂದು ಐದು ನಿಮಿಷ ಕೊಡುವುದು. "ಏನು ತೊಂದರೆ ಆಗಬಹುದು?" ಎಂದು ಕೇಳಿದರೆ ಸುಮ್ಮನಿರುವವರು, ಆಗಿಹೋಗಿದೆ ಎಂದು ಊಹಿಸಿಕೊಂಡಾಗ ಧಾರಾಳವಾಗಿ ಬರೆಯುತ್ತಾರೆ. ಅಪಶಕುನ ನುಡಿದರು ಎಂಬ ಅಪವಾದವೂ ಅವರ ಮೇಲೆ ಬರುವುದಿಲ್ಲ.

ಬದಲಾವಣೆಗಳು ಬರುವುದು ಯಾವಾಗಲೂ ಚಿಕ್ಕದಾಗಿಯೇ. ಬಿಲ್ ಮೇಲೆ ಒಂದು ಲೋಗೊ, ಇನ್ನೊಂದು ಕಾಲಮ್, ಒಂದೇ ಒಂದು ವರದಿ. ಹನಿ ಹನಿ ಸೇರಿ ಹಳ್ಳವಾದ ಮೇಲೆ ತಿರುಗಿ ನೋಡಿದರೆ ಯಾವ ಹನಿಯನ್ನೂ ದೂರುವಂತಿಲ್ಲ. ಬೇಡ ಎನ್ನುವುದು ನಿಮ್ಮ ಕೆಲಸವಲ್ಲ, ಬೆಲೆ ಹೇಳುವುದು ನಿಮ್ಮ ಕೆಲಸ. "ಮಾಡಬಹುದು. ಎರಡು ದಿನ ಹೆಚ್ಚು ಬೇಕು, ಅದು ಕ್ರಿಟಿಕಲ್ ಪಾತ್ ಮೇಲಿದೆ, ಹಾಗಾಗಿ ಕೊನೆಯ ದಿನ ಎರಡು ದಿನ ಮುಂದೆ ಹೋಗುತ್ತದೆ. ಅಥವಾ ಪಟ್ಟಿಯಿಂದ ಇನ್ನೊಂದು ವರದಿ ತೆಗೆಯೋಣ. ಯಾವುದು?" ಆಯ್ಕೆ ಮೊದಲ ಪುಟದಲ್ಲಿ ಹೆಸರಿದ್ದವರದ್ದು.

ಅಜೈಲ್, ಸ್ಕ್ರಮ್, ಕಾನ್ಬಾನ್

ಈ ಹೆಸರುಗಳು ಕಲಿಯುವವರನ್ನು ವಿನಾಕಾರಣ ಹೆದರಿಸುತ್ತವೆ. ಮೇಲೆ ಹೇಳಿದ್ದೆಲ್ಲ ಮೊದಲೇ ಬಹುಮಟ್ಟಿಗೆ ಗೊತ್ತಿರುವ ಕೆಲಸಕ್ಕೆ ಹೊಂದುತ್ತದೆ. ಏನು ಬೇಕೆಂಬುದೇ ಮಾಡುತ್ತಾ ತಿಳಿಯುವ ಕೆಲಸವಾದರೆ, 35 ದಿನದ ನಕ್ಷೆ ಎಳೆಯುವುದು ಕತೆ ಕಟ್ಟಿದಂತೆ. 2001ರ ಫೆಬ್ರವರಿಯಲ್ಲಿ ಹದಿನೇಳು ಮಂದಿ ಸಾಫ್ಟ್‌ವೇರ್ ಜನ ಅಮೆರಿಕದ ಯೂಟಾದಲ್ಲಿ ಸೇರಿ ಬರೆದ ಅಜೈಲ್ ಘೋಷಣೆಯ ಹಿಂದಿದ್ದದ್ದು ಇದೇ ಅನುಭವ. ಸ್ಕ್ರಮ್‌ನಲ್ಲಿ ಒಂದು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಸುತ್ತುಗಳು, ಪ್ರತಿ ಸುತ್ತಿನ ಕೊನೆಗೆ ತೋರಿಸಬಹುದಾದ ಏನಾದರೊಂದು. ಕಾನ್ಬಾನ್‌ನಲ್ಲಿ ಏಕಕಾಲಕ್ಕೆ ಕೈಯಲ್ಲಿರುವ ಕೆಲಸಗಳಿಗೆ ಮಿತಿ.

ಆ ಮಿತಿಯ ಹಿಂದೆ ಸರಳ ಗಣಿತವಿದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸಂಬಂಧದ ಪ್ರಕಾರ, ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ ಒಂದು ಕೆಲಸ ಸರಾಸರಿ ಎಷ್ಟು ವಾರ ಹಿಡಿಯುತ್ತದೆ ಎಂಬುದು ಬರುತ್ತದೆ. 12 ಕೆಲಸ ತೆರೆದಿಟ್ಟು ವಾರಕ್ಕೆ ಮೂರು ಮುಗಿಸುವ ತಂಡದಲ್ಲಿ ಒಂದೊಂದಕ್ಕೂ ನಾಲ್ಕು ವಾರ. ಅದೇ ವೇಗದಲ್ಲಿ ಆರನ್ನಷ್ಟೇ ತೆರೆದಿಟ್ಟರೆ ಎರಡು ವಾರ. ಹತ್ತು ಕಡೆ ಕೈ ಹಾಕಿರುವ ಜನರಲಿಸ್ಟ್ ತನ್ನ ಸ್ವಂತ ಮೇಜಿಗೆ ಮೊದಲು ಅನ್ವಯಿಸಿಕೊಳ್ಳಬೇಕಾದದ್ದು ಇದು.

ಪ್ರಮಾಣಪತ್ರ ಬೇಕೆ?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1969ರಲ್ಲಿ ಹುಟ್ಟಿದ ಸಂಸ್ಥೆ. ಅದರ ಪಿಎಂಪಿ ಪರೀಕ್ಷೆಗೆ ಕೂರಲು ನಾಲ್ಕು ವರ್ಷದ ಪದವಿ ಇದ್ದವರಿಗೂ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಮತ್ತು 35 ಗಂಟೆಯ ತರಬೇತಿ ಬೇಕು. ಅನುಭವವಿಲ್ಲದವರಿಗೆ ಸಿಎಪಿಎಂ ಇದೆ, ಅದಕ್ಕೆ 23 ಗಂಟೆಯ ತರಬೇತಿ. ಬ್ರಿಟನ್ ಸರ್ಕಾರದ ವ್ಯವಸ್ಥೆಯಿಂದ 1996ರಲ್ಲಿ ಬಂದ ಪ್ರಿನ್ಸ್2 ಇನ್ನೊಂದು ದಾರಿ, ಅದರಲ್ಲಿ ಹಂತ ಮತ್ತು ಪಾತ್ರಗಳಿಗೆ ಒತ್ತು ಹೆಚ್ಚು. ಪೂರ್ಣಾವಧಿ ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕೆನ್ನುವವರಿಗೆ, ಅಥವಾ ಟೆಂಡರ್‌ಗಳಲ್ಲಿ ಪ್ರಮಾಣಪತ್ರ ಕೇಳುವ ಕ್ಷೇತ್ರದವರಿಗೆ, ಇವು ಬೇಕು. ಜನರಲಿಸ್ಟ್ ಆಗಿಯೇ ಉಳಿಯುವವರು ಒಂದೆರಡು ಪ್ರಾಜೆಕ್ಟ್ ನಡೆಸಿದ ಮೇಲೆ ಓದಿದರೆ ಆ ಪದಗಳಿಗೆಲ್ಲ ಮುಖಗಳು ಸಿಗುತ್ತವೆ. ಅದಕ್ಕೂ ಮುಂಚೆ ಓದಿದರೆ ಬಾಯಿಪಾಠ.

ಅಭ್ಯಾಸಕ್ಕೆ ಆರಿಸುವ ಮೊದಲ ಪ್ರಾಜೆಕ್ಟ್ ಆರರಿಂದ ಹತ್ತು ವಾರದ್ದಿರಲಿ, ಮೂರರಿಂದ ಆರು ಜನ, ಕನಿಷ್ಠ ಎರಡು ವಿಭಾಗ, ಸಾಧ್ಯವಾದರೆ ಹೊರಗಿನ ಒಬ್ಬ ಸರಬರಾಜುದಾರ. ತಪ್ಪಿದರೆ ಯಾರಾದರೂ ಕೇಳುವಂಥ ನಿಜವಾದ ಗಡುವು ಇರಲೇಬೇಕು. ಮೊದಲ ವಾರ ಒಂದು ಪುಟ, ಎರಡನೇ ವಾರ ಒಡೆದ ಪಟ್ಟಿ ಮತ್ತು ಮೂರು ಅಂದಾಜು, ಮೂರನೇ ವಾರ ಸಂಬಂಧಗಳ ನಕ್ಷೆ ಮತ್ತು ಪ್ರೀಮಾರ್ಟಮ್. ಅಲ್ಲಿಂದ ಮುಂದೆ ವಾರಕ್ಕೆ ಒಂದು ಗಂಟೆ ಯಾರ ಕರೆಯನ್ನೂ ತೆಗೆದುಕೊಳ್ಳದೆ ಲೆಕ್ಕ ಹೊಸದು ಮಾಡುವುದಕ್ಕೆ, ಅರ್ಧ ಗಂಟೆ ವರದಿಗೆ. ನಡುವೆ "ಇದನ್ನು ನಾನೇ ಮಾಡಿಬಿಡ್ತೀನಿ" ಎಂದು ಅನಿಸಿದಾಗಲೆಲ್ಲ ಒಂದು ಗೆರೆ ಎಳೆದಿಡಿ, ಯಾವ ಕೆಲಸಕ್ಕೆ ಎಂದು ಪಕ್ಕದಲ್ಲಿ ಬರೆಯಿರಿ. ಕೊನೆಗೆ ಆ ಗೆರೆಗಳು ಯೋಜನೆಯ ತೂತುಗಳು ಎಲ್ಲೆಲ್ಲಿದ್ದವು ಎಂಬುದನ್ನು ತೋರಿಸುತ್ತವೆ.

ಮುಗಿದ ದಿನ ಇನ್ನೂ ಒಂದು ಗಂಟೆಯ ಕೆಲಸ ಉಳಿದಿರುತ್ತದೆ, ಬಹುತೇಕರು ಅದನ್ನು ಮಾಡುವುದಿಲ್ಲ. ಸ್ಪ್ರೆಡ್‌ಶೀಟ್‌ಗೆ ಒಂದು ಕಾಲಮ್ ಸೇರಿಸಿ, ಪ್ರತಿ ಕೆಲಸಕ್ಕೂ ನಿಜವಾಗಿ ಎಷ್ಟು ದಿನ ಹಿಡಿಯಿತು ಎಂದು ತುಂಬುವುದು. ಡೇಟಾ ಶುಚಿಗೆ ಅಂದಾಜು 12, ನಿಜ 19, ಕಾರಣ ಒಂದು ಸಾಲು. ಮುಂದಿನ ಸಲ ಯಾರಾದರೂ "ಡೇಟಾ ಶುಚಿನಾ? ಹನ್ನೆರಡು ದಿನ ಸಾಕು" ಎಂದಾಗ ತೆರೆದು ತೋರಿಸಲು ಆ 19 ಅಲ್ಲಿರುತ್ತದೆ.